ಫಾರ್ಮ್ಯಾಟ್ ಮಾಡದೆ ಲೆಗಸಿಯಿಂದ ಯುಇಎಫ್‌ಐಗೆ: ಎಂಬಿಆರ್‌2ಜಿಪಿಟಿ ಬಳಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಂಪ್ಯೂಟರ್ ವಿಂಡೋಸ್ 11 ಹಾಕುವಷ್ಟು ಹೊಸದಾಗಿದೆ, ಆದರೆ ಲೆಗಸಿ ಮೋಡ್‌ನಲ್ಲಿ, ಅಂದರೆ ಬೂಟ್ ಆಗುವ (ಆನ್ ಮಾಡಿದಾಗ ವಿಂಡೋಸ್ ಏಳುವ) ಹಳೆಯ ಪದ್ಧತಿಯಲ್ಲಿ, ಓಡುತ್ತಿದೆ ಅಂತಿಟ್ಟುಕೊಳ್ಳಿ. ವಿಂಡೋಸ್ 11 ಕೇಳುವುದು ಯುಇಎಫ್‌ಐ ಅನ್ನುವ ಹೊಸ ಪದ್ಧತಿಯನ್ನು. ಆ ಒಂದೇ ಕಾರಣಕ್ಕೆ ಯಾರಾದರೂ "ಪೂರ್ತಿ ಫಾರ್ಮ್ಯಾಟ್ ಆಗಬೇಕು" ಅಂದರೆ ತಕ್ಷಣ ಒಪ್ಪಬೇಡಿ. ವಿಂಡೋಸ್ ಒಳಗೇ ಎಂಬಿಆರ್‌2ಜಿಪಿಟಿ ಅಂತ ಒಂದು ಪುಟ್ಟ ಪ್ರೋಗ್ರಾಂ ಇದೆ. ದುಡ್ಡು ಕೊಡಬೇಕಿಲ್ಲ, ಎಲ್ಲಿಂದಲೂ ಡೌನ್‌ಲೋಡ್ ಮಾಡಬೇಕಿಲ್ಲ. 2017ರ ಏಪ್ರಿಲ್‌ನಲ್ಲಿ ಬಂದ ವಿಂಡೋಸ್ 10ರ 1703 ಆವೃತ್ತಿಯಿಂದ ಅದು ಸಿಸ್ಟಮ್32 ಫೋಲ್ಡರ್‌ನಲ್ಲೇ ಕೂತಿದೆ. ನನ್ನ ಅಂಗಡಿಯ ಮುಖ್ಯ ಕಂಪ್ಯೂಟರನ್ನು ಅದರಿಂದಲೇ ಬದಲಾಯಿಸಿದೆ. ಒಂದು ಫೈಲೂ ಹೋಗಲಿಲ್ಲ, ಒಂದು ಫಾಂಟೂ ಹೋಗಲಿಲ್ಲ. ಈ ಬರಹ ಅದರ ಬಗ್ಗೆ.

ಶಿವಮೊಗ್ಗದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಸಂಘಗಳ ವರದಿ, ಸ್ಮರಣ ಸಂಚಿಕೆ, ಆಗಾಗ ಒಂದೊಂದು ಕವನ ಸಂಕಲನ. ಇಂಥ ಅಂಗಡಿಯ ಕಂಪ್ಯೂಟರ್ ಹೇಗಿರುತ್ತದೆ ಅಂತ ಈ ಕೆಲಸ ಮಾಡುವವರಿಗೆ ಹೇಳಬೇಕಾಗಿಲ್ಲ. ಕನ್ನಡ ಟೈಪಿಂಗಿಗೆ ನುಡಿ ಇದೆ, ಬರಹ ಇದೆ, ಪುಟ ಜೋಡಿಸಲು ಪೇಜ್‌ಮೇಕರ್ 7 ಇದೆ. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ. ಆಮೇಲೆ ಹೊಸ ಆವೃತ್ತಿಯೇ ಬರಲಿಲ್ಲ. ಆದರೂ ಗಿರಾಕಿಗಳ ಹಳೆಯ ಫೈಲುಗಳು ಅದರಲ್ಲೇ ಇರುವುದರಿಂದ ಬಿಡುವ ಹಾಗಿಲ್ಲ. ಅಕ್ಕನ ಮದುವೆ ಪತ್ರಿಕೆ ಮಾಡಿಸಿಕೊಂಡು ಹೋದವರು ಎಷ್ಟೋ ವರ್ಷದ ಮೇಲೆ ಬಂದು "ತಂಗಿಗೂ ಅದೇ ಥರ ಬೇಕು, ಹೆಸರು, ತಾರೀಖು ಬದಲಾಯಿಸಿ ಸಾಕು" ಅನ್ನುತ್ತಾರೆ. ಆ ಫೈಲು ತೆರೆದಾಗ ಅಕ್ಷರ ಸರಿಯಾಗಿ ಕಾಣಬೇಕು. ನುಡಿಯ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ ಪುಟ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ.

ಅದಕ್ಕೇ ನನಗೆ "ಡೇಟಾ ಉಳಿಯುತ್ತದೆ" ಅನ್ನುವ ಮಾತು ಅರ್ಧ ಸಮಾಧಾನ ಮಾತ್ರ. ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಬಹುದು. ಆದರೆ ವರ್ಷಗಟ್ಟಲೆ ಒಂದೊಂದಾಗಿ ಸೇರಿಸಿದ ಫಾಂಟುಗಳು, ಪ್ರಿಂಟರಿಗೆ ಹೊಂದಿಸಿಟ್ಟ ಮಾರ್ಜಿನ್ನು, ಕೀಲಿಮಣೆ ವಿನ್ಯಾಸ, ಟೆಂಪ್ಲೇಟುಗಳು, ಎಲ್ಲಿಂದ ಬಂತು ಅಂತ ನೆನಪೇ ಇಲ್ಲದ ಹಳೆಯ ಡ್ರೈವರುಗಳು, ಇವೆಲ್ಲ ಸೇರಿ ಕೆಲಸ ಮಾಡುವ ಸ್ಥಿತಿಯಲ್ಲಿ ಇದ್ದರೆ ಮಾತ್ರ ಅಂಗಡಿ ನಡೆಯುತ್ತದೆ. ಫಾರ್ಮ್ಯಾಟ್ ಮಾಡಿದರೆ ಹೋಗುವುದು ಅದೇ. ಫೈಲುಗಳನ್ನು ಮತ್ತೆ ತುಂಬಿಸಿಕೊಳ್ಳಬಹುದು, ಈ ಹದ ಮತ್ತೆ ಬರಲು ತಿಂಗಳುಗಟ್ಟಲೆ ಬೇಕು.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಯಂತ್ರದಲ್ಲಿ ಇರುವುದು ಇಂಟೆಲ್‌ನ 8ನೇ ತಲೆಮಾರಿನ ಐ3, ಎಚ್310 ಬೋರ್ಡು. ವಿಂಡೋಸ್ 11 ಕೇಳುವ ಪ್ರೊಸೆಸರ್ ಪಟ್ಟಿ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಅಲ್ಲಿಂದಲೇ ಶುರು. ರ‍್ಯಾಮ್ ಸಾಕಷ್ಟಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಬೋರ್ಡಿನ ಸೆಟಪ್‌ನಲ್ಲೇ ಪಿಟಿಟಿ ಅನ್ನುವ ಹೆಸರಲ್ಲಿ ಇತ್ತು, ಆನ್ ಮಾಡಿದರೆ ಆಯಿತು. ಅಡ್ಡ ಬಂದಿದ್ದು ಒಂದೇ. ವಿಂಡೋಸ್ ಹುಡುಕು ಪೆಟ್ಟಿಗೆಯಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆರೆದು ನೋಡಿದರೆ "ಬಯಾಸ್ ಮೋಡ್" ಅನ್ನುವ ಸಾಲಿನ ಮುಂದೆ "ಲೆಗಸಿ" ಅಂತಿತ್ತು. ನೀವೂ ಮೊದಲು ಆ ಸಾಲು ನೋಡಿ. ಅಲ್ಲಿ ಯುಇಎಫ್‌ಐ ಅಂತಲೇ ಇದ್ದರೆ ಈ ಸಾಧನದ ಅಗತ್ಯವೇ ಇಲ್ಲ.

ಇಷ್ಟು ಹೊಸ ಬೋರ್ಡಿನಲ್ಲಿ ಲೆಗಸಿ ಹೇಗೆ ಬಂತು? ವಿಂಡೋಸ್ ಹಾಕುವಾಗ ಪೆನ್‌ಡ್ರೈವ್ ಯಾವ ಮೋಡ್‌ನಲ್ಲಿ ಬೂಟ್ ಆಗುತ್ತದೋ ಅದೇ ಮೋಡ್‌ನಲ್ಲಿ ವಿಂಡೋಸ್ ಕೂರುತ್ತದೆ. ಬೋರ್ಡಿನಲ್ಲಿ ಸಿಎಸ್‌ಎಂ ಅನ್ನುವ ಹಳೆ ಪದ್ಧತಿಯ ಆಸರೆ ಆನ್ ಇದ್ದು, ಹಳೆಯ ಥರದ ಪೆನ್‌ಡ್ರೈವ್ ಚುಚ್ಚಿದರೆ ಆಯಿತು, ಡಿಸ್ಕು ಎಂಬಿಆರ್ ಆಗಿಬಿಡುತ್ತದೆ. ನಮ್ಮ ಕಡೆ ಅಸೆಂಬಲ್ ಮಾಡಿಸಿದ ಎಷ್ಟೋ ಯಂತ್ರಗಳ ಕಥೆ ಇದೇ. ಓಡುತ್ತಿದೆಯಲ್ಲ, ಯಾರು ಕೇಳುತ್ತಾರೆ? ವಿಂಡೋಸ್ 11 ಬರುವ ತನಕ ಯಾರೂ ಕೇಳಲಿಲ್ಲ.

ಎಂಬಿಆರ್ ಅನ್ನುವುದು 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದ ಪದ್ಧತಿ. ಡಿಸ್ಕಿನ ಮೊದಲ ಸೆಕ್ಟರಿನಲ್ಲೇ (ಸೆಕ್ಟರ್ ಅಂದರೆ ಡಿಸ್ಕಿನ ಒಂದು ಚಿಕ್ಕ ತುಣುಕು) ಯಾವ ಪಾರ್ಟಿಷನ್, ಅಂದರೆ ಡಿಸ್ಕನ್ನು ಹಂಚಿದ ಯಾವ ಭಾಗ, ಎಲ್ಲಿ ಶುರು, ಎಷ್ಟು ಉದ್ದ ಅಂತ ಬರೆದಿರುತ್ತದೆ. ನಾಲ್ಕೇ ನಾಲ್ಕು ಪಾರ್ಟಿಷನ್‌ಗೆ ಜಾಗ. ಮಾಮೂಲಿ 512 ಬೈಟಿನ ಸೆಕ್ಟರ್ ಇರುವ ಡಿಸ್ಕಿನಲ್ಲಿ ಸುಮಾರು 2 ಟಿಬಿಗಿಂತ ಆಚೆ ಅದಕ್ಕೆ ಲೆಕ್ಕ ಸಿಗುವುದಿಲ್ಲ. ಜಿಪಿಟಿ ಹೊಸ ಪದ್ಧತಿ. ವಿಂಡೋಸ್‌ನಲ್ಲಿ 128 ಪಾರ್ಟಿಷನ್ ತನಕ ಹೋಗಬಹುದು, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಯುಇಎಫ್‌ಐ ಮೋಡ್‌ನಲ್ಲಿ ವಿಂಡೋಸ್ ಬೂಟ್ ಆಗಬೇಕಾದರೆ ಡಿಸ್ಕು ಜಿಪಿಟಿ ಆಗಿರಲೇಬೇಕು. ಎಂಬಿಆರ್‌2ಜಿಪಿಟಿ ಮಾಡುವುದು ಇಷ್ಟೇ: ಪುಸ್ತಕದ ಒಳಪುಟ ಒಂದನ್ನೂ ಅಲುಗಾಡಿಸದೆ ಪರಿವಿಡಿಯನ್ನು ಮಾತ್ರ ಹೊಸದಾಗಿ ಕೂರಿಸಿದ ಹಾಗೆ. ನಿಮ್ಮ ಫೈಲುಗಳು ಇದ್ದ ಜಾಗದಲ್ಲೇ ಇರುತ್ತವೆ.

ಸರ್ವಿಸ್‌ನವರ ಹತ್ತಿರ ಮೊದಲು ಕೇಳಿದಾಗ ಬಂದ ಉತ್ತರ ಇದು: "ಫಾರ್ಮ್ಯಾಟ್ ಮಾಡಿಬಿಡೋಣ ಮೇಡಂ. ಸಿ ಡ್ರೈವ್ ಒಂದೇ ಹೋಗೋದು, ಡಿ, ಇ ಎಲ್ಲಾ ಹಾಗೇ ಇರುತ್ತೆ, ತಲೆ ಕೆಡಿಸ್ಕೋಬೇಡಿ." ಬೇರೆ ಸಂದರ್ಭದಲ್ಲಿ ಈ ಮಾತು ಸರಿ. ವೈರಸ್ ಬಂದಾಗ, ವಿಂಡೋಸ್ ಕೆಟ್ಟಾಗ, ಸಿ ಮಾತ್ರ ಅಳಿಸಿ ಮತ್ತೆ ಹಾಕಬಹುದು. ಆದರೆ ಇಲ್ಲಿ ಅದು ನಡೆಯುವುದಿಲ್ಲ. ಎಂಬಿಆರ್ ಅನ್ನುವುದು ಸಿ ಡ್ರೈವಿನ ಗುಣವಲ್ಲ, ಇಡೀ ಡಿಸ್ಕಿನದು. ಯುಇಎಫ್‌ಐ ಮೋಡ್‌ನಲ್ಲಿ ಪೆನ್‌ಡ್ರೈವ್ ಬೂಟ್ ಮಾಡಿ ವಿಂಡೋಸ್ ಹಾಕಲು ಹೋದರೆ, ಈ ಡಿಸ್ಕಿನಲ್ಲಿ ಎಂಬಿಆರ್ ಪಟ್ಟಿ ಇದೆ, ಜಿಪಿಟಿ ಡಿಸ್ಕಿಗೆ ಮಾತ್ರ ಹಾಕಲು ಆಗುವುದು ಅಂತ ಸೆಟಪ್ ನಿಂತುಬಿಡುತ್ತದೆ. ಆಗ ಅವಸರದಲ್ಲಿ ಏನು ಮಾಡುತ್ತಾರೆ? ಎಲ್ಲ ಪಾರ್ಟಿಷನ್ ಡಿಲೀಟ್ ಮಾಡುತ್ತಾರೆ, ಇಲ್ಲವೇ ಡಿಸ್ಕ್‌ಪಾರ್ಟ್ ಅನ್ನುವ ವಿಂಡೋಸ್ ಸಾಧನದಲ್ಲಿ "ಕ್ಲೀನ್" ಕೊಡುತ್ತಾರೆ. ಅಲ್ಲಿಗೆ ಡಿ, ಇ ಎಲ್ಲವೂ ಹೋಯಿತು. "ಡಿ ಡ್ರೈವ್ ಹಾಗೇ ಇರುತ್ತೆ" ಅನ್ನುವ ಭರವಸೆ ನಂಬಿಕೊಂಡು ಯಂತ್ರ ಬಿಟ್ಟು ಬರುವವರು ಇದನ್ನು ದಯವಿಟ್ಟು ಗಮನಿಸಿ. ನಾನು ಇದನ್ನು ಬರೆಯಲು ಕೂತಿದ್ದೇ ಮುಖ್ಯವಾಗಿ ಈ ಕಾರಣಕ್ಕೆ.

ಇನ್ನು ಸಾಧನದ ವಿಷಯಕ್ಕೆ ಬರೋಣ.

ಇದಕ್ಕೆ ಕಿಟಕಿ, ಬಟನ್ನು ಏನೂ ಇಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಟೈಪ್ ಮಾಡಬೇಕು. ಎರಡು ಹಂತ. ಮೊದಲನೆಯದು "ವ್ಯಾಲಿಡೇಟ್", ಅಂದರೆ ಪರೀಕ್ಷೆ. ಎರಡನೆಯದು "ಕನ್ವರ್ಟ್", ಅಂದರೆ ನಿಜವಾದ ಬದಲಾವಣೆ. ಪ್ರೋಗ್ರಾಮಿನ ಹೆಸರು, ಒಂದು ಜಾಗ ಬಿಟ್ಟು ಸ್ಲ್ಯಾಶ್ ಹಾಕಿ ವ್ಯಾಲಿಡೇಟ್, ಮತ್ತೆ ಸ್ಲ್ಯಾಶ್ ಹಾಕಿ ಡಿಸ್ಕ್, ಕೋಲನ್, ಸೊನ್ನೆ, ಕೊನೆಗೆ ಸ್ಲ್ಯಾಶ್ ಹಾಕಿ ಅಲೋಫುಲ್‌ಓಎಸ್. ಸೊನ್ನೆ ಅನ್ನುವುದು ಡಿಸ್ಕಿನ ನಂಬರು. ಪಾರ್ಟಿಷನ್‌ಗಳನ್ನು ತೋರಿಸುವ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ನಿಮ್ಮ ವಿಂಡೋಸ್ ಇರುವ ಡಿಸ್ಕಿನ ನಂಬರು ಬೇರೆ ಇದ್ದರೆ ಅದನ್ನೇ ಹಾಕಬೇಕು. ಕೊನೆಯ ಆ ಅಲೋಫುಲ್‌ಓಎಸ್ ಬಿಟ್ಟರೆ, ಇದು ವಿಂಡೋಸ್ ಪಿಇ ಒಳಗಿಂದ ಮಾತ್ರ ಓಡುವುದು ಅಂತ ಹೇಳಿ ವಾಪಸ್ ಕಳಿಸುತ್ತದೆ. ಪಿಇ ಅಂದರೆ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಆದಾಗ ಸಿಗುವ ಸಣ್ಣ ವಿಂಡೋಸ್. ಈ ಸಾಧನವನ್ನು ಮಾಡಿದ್ದೇ ಅದಕ್ಕಾಗಿ. ಆದರೆ ಓಡುತ್ತಿರುವ ವಿಂಡೋಸ್‌ನಲ್ಲೂ ನಡೆಯುತ್ತದೆ, ನಾನು ಮಾಡಿದ್ದು ಹಾಗೆಯೇ.

ಪರೀಕ್ಷೆಯ ಹಂತ ನನಗೆ ತುಂಬಾ ಹಿಡಿಸಿತು. ಅದು ಡಿಸ್ಕಿಗೆ ಏನನ್ನೂ ಬರೆಯುವುದಿಲ್ಲ. ಸುಮ್ನೆ ಓದುತ್ತದೆ, ಆಗುತ್ತದೋ ಇಲ್ಲವೋ ಹೇಳುತ್ತದೆ. ನನ್ನ ಯಂತ್ರದಲ್ಲಿ ಮೊದಲು ಆಗುವುದಿಲ್ಲ ಅಂದಿತು. ಪಕ್ಕದಲ್ಲಿ ನಿಂತಿದ್ದ ತಮ್ಮನ ಮಗ ಗಾಬರಿಯಾದ.

"ಅತ್ತೆ, ಫೇಲ್ ಆಯ್ತಲ್ಲ, ಡಿಸ್ಕ್ ಏನಾದ್ರೂ ಹೋಯ್ತಾ?"

"ಏನೂ ಹೋಗಿಲ್ಲ ಕಣೋ. ಈ ಥರ ಇದ್ರೆ ನಾನು ಮುಟ್ಟಲ್ಲ ಅಂತ ಹೇಳ್ತಿದೆ ಅಷ್ಟೆ."

ಬೇರೆಯವರ ಡೇಟಾ ಇಟ್ಟುಕೊಂಡು ಕೆಲಸ ಮಾಡುವವಳಿಗೆ ಇದಕ್ಕಿಂತ ದೊಡ್ಡ ಗುಣ ಬೇಡ. ಷರತ್ತು ಸರಿಯಿಲ್ಲ ಅಂದರೆ ಕೈ ಹಾಕುವುದೇ ಇಲ್ಲ. ಅರ್ಧ ಮಾಡಿ ಕೈಚೆಲ್ಲುವ ಸಾಧನಕ್ಕಿಂತ ಇದು ಸಾವಿರ ಪಾಲು ಮೇಲು.

ಆದರೆ ಯಾಕೆ ಆಗುವುದಿಲ್ಲ ಅಂತ ಪರದೆಯ ಮೇಲೆ ಬಿಡಿಸಿ ಹೇಳುವುದಿಲ್ಲ. "ಡಿಸ್ಕ್ ಲೇಔಟ್ ವ್ಯಾಲಿಡೇಷನ್ ಫೇಲ್ಡ್" ಅಂತ ಒಂದು ಸಾಲು, ಅಷ್ಟೇ. ಕಾರಣ ಬೇಕಾದರೆ ವಿಂಡೋಸ್ ಫೋಲ್ಡರ್ ಒಳಗೆ ಹೋಗಿ ಸೆಟಪ್‌ಆಕ್ಟ್, ಸೆಟಪ್‌ಎರ್ ಅನ್ನುವ ಎರಡು ಲಾಗ್ ಫೈಲುಗಳನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕೊನೆಯ ಸಾಲುಗಳನ್ನು ಓದಬೇಕು. ಸಾಮಾನ್ಯ ಬಳಕೆದಾರರು ಅಲ್ಲಿ ತನಕ ಹೋಗುವುದಿಲ್ಲ. "ಆಗಲ್ಲವಂತೆ" ಅಂತ ಬಿಟ್ಟುಬಿಡುತ್ತಾರೆ. ಇದು ಈ ಸಾಧನದ ನಿಜವಾದ ಕೊರತೆ. ಯಾವ ಪಾರ್ಟಿಷನ್ ಅಡ್ಡಿ ಅಂತ ಅಲ್ಲೇ ಒಂದು ವಾಕ್ಯದಲ್ಲಿ ಹೇಳಿದ್ದರೆ ಎಷ್ಟು ಜನರಿಗೆ ಫಾರ್ಮ್ಯಾಟ್ ತಪ್ಪುತ್ತಿತ್ತೋ.

ನಮ್ಮ ಕಡೆಯ ಯಂತ್ರಗಳಲ್ಲಿ ಅಡ್ಡಿ ಬರುವುದು ಬಹುಪಾಲು ಒಂದೇ ಕಡೆ. ಡಿಸ್ಕಿನಲ್ಲಿ ಹೆಚ್ಚೆಂದರೆ ಮೂರು ಪ್ರೈಮರಿ ಪಾರ್ಟಿಷನ್ ಇರಬಹುದು, ಎಕ್ಸ್‌ಟೆಂಡೆಡ್ ಅಥವಾ ಲಾಜಿಕಲ್ ಪಾರ್ಟಿಷನ್ ಒಂದೂ ಇರಬಾರದು ಅನ್ನುವುದು ಇದರ ಷರತ್ತು. ಪ್ರೈಮರಿ ಅಂದರೆ ಎಂಬಿಆರ್ ಪಟ್ಟಿಯಲ್ಲಿ ನೇರವಾಗಿ ಇರುವ ಪಾರ್ಟಿಷನ್; ಎಕ್ಸ್‌ಟೆಂಡೆಡ್ ಅಂದರೆ ಒಳಗೆ ಲಾಜಿಕಲ್ ಅನ್ನುವ ಬೇರೆ ಡ್ರೈವುಗಳನ್ನು ಇಟ್ಟುಕೊಳ್ಳುವ ಡಬ್ಬಿಯಂಥದ್ದು. ನಮ್ಮಲ್ಲಿ ಡಿಸ್ಕನ್ನು ಸಿ, ಡಿ, ಇ ಅಂತ ಹಂಚುವ ರೂಢಿ ಮೊದಲಿಂದಲೂ ಇದೆಯಲ್ವಾ? ಎಂಬಿಆರ್ ಡಿಸ್ಕಿನಲ್ಲಿ ಸಿಸ್ಟಮ್ ರಿಸರ್ವ್ಡ್ ಅನ್ನುವ ಕಣ್ಣಿಗೆ ಕಾಣದ ಒಂದು ಪಾರ್ಟಿಷನ್ ಮೊದಲೇ ಇರುತ್ತದೆ. ಅದು, ಸಿ, ಡಿ ಸೇರಿದರೆ ಮೂರಾಯಿತು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ನಾಲ್ಕನೆಯದು ಮಾಡಲು ಹೋದರೆ ವಿಂಡೋಸ್ ತಾನಾಗಿಯೇ ಎಕ್ಸ್‌ಟೆಂಡೆಡ್ ಮಾಡಿ ಅದರೊಳಗೆ ಲಾಜಿಕಲ್ ಡ್ರೈವ್ ಇಡುತ್ತದೆ. ನನ್ನ ಇ ಡ್ರೈವ್ ಹಾಗೆ ಕೂತಿತ್ತು. ಇನ್ನು ಕೆಲವರ ಯಂತ್ರದಲ್ಲಿ ಇ ಇಲ್ಲದಿದ್ದರೂ ರಿಕವರಿ ಅನ್ನುವ ಪಾರ್ಟಿಷನ್ ಸೇರಿ ಪ್ರೈಮರಿಗಳೇ ನಾಲ್ಕಾಗಿರುತ್ತವೆ. ಅಲ್ಲಿಯೂ ಇದು ಒಪ್ಪುವುದಿಲ್ಲ.

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಬಣ್ಣದಲ್ಲೇ ಗೊತ್ತಾಗುತ್ತದೆ. ಪ್ರೈಮರಿಗಳ ತಲೆಯ ಮೇಲೆ ಕಡು ನೀಲಿ ಪಟ್ಟಿ. ಇ ಡ್ರೈವಿನ ಮೇಲೆ ತಿಳಿ ನೀಲಿ ಪಟ್ಟಿ, ಅದರ ಸುತ್ತ ಹಸಿರು ಚೌಕಟ್ಟು. ಆ ಹಸಿರೇ ಎಕ್ಸ್‌ಟೆಂಡೆಡ್. ಇ ಡ್ರೈವನ್ನು ಡಿಲೀಟ್ ಮಾಡಿದ ಮೇಲೂ ಹಸಿರು ಚೌಕಟ್ಟು ಹೋಗುವುದಿಲ್ಲ, ಒಳಗೆ "ಫ್ರೀ ಸ್ಪೇಸ್" ಅಂತ ಮಾತ್ರ ಬರುತ್ತದೆ. ಅದನ್ನೂ ಬಲಗುಂಡಿ ಒತ್ತಿ ಡಿಲೀಟ್ ಮಾಡಬೇಕು. ಆಗ ಪಟ್ಟಿ ಕಪ್ಪಾಗಿ "ಅನ್‌ಅಲೊಕೇಟೆಡ್" ಅಂತ ತೋರಿಸುತ್ತದೆ. ಹಸಿರು ಉಳಿದಿರುವ ತನಕ ಎಂಬಿಆರ್‌2ಜಿಪಿಟಿ ಒಪ್ಪುವುದಿಲ್ಲ.

ಡಿಲೀಟ್ ಅನ್ನುವ ಮಾತು ಬಂದಾಗ ಎದೆ ಧಸಕ್ ಅನ್ನುತ್ತದೆ, ಗೊತ್ತು. ಈ ಕೆಲಸದಲ್ಲಿ ಡೇಟಾಗೆ ನಿಜವಾಗಿ ಅಪಾಯ ಇರುವುದು ಇಲ್ಲೇ, ಕನ್ವರ್ಟ್ ಮಾಡುವಾಗ ಅಲ್ಲ. ಇ ಡ್ರೈವಿನಲ್ಲಿ ಇದ್ದುದೆಲ್ಲ ಬೇರೆ ಎಕ್ಸ್‌ಟರ್ನಲ್ ಡಿಸ್ಕಿಗೆ ಹೋಗಿದೆ ಅಂತ ಖಾತ್ರಿ ಆಗಬೇಕು. ನಾನು ಎರಡೂ ಕಡೆ ಎಲ್ಲ ಫೋಲ್ಡರ್ ಆಯ್ಕೆ ಮಾಡಿ ಪ್ರಾಪರ್ಟೀಸ್‌ನಲ್ಲಿ ಫೈಲುಗಳ ಸಂಖ್ಯೆ, ಒಟ್ಟು ಬೈಟುಗಳ ಲೆಕ್ಕ ಹೋಲಿಸಿದೆ. ಆಮೇಲೆ ಎಕ್ಸ್‌ಟರ್ನಲ್ ಡಿಸ್ಕಿನಿಂದಲೇ ಒಂದು ಹಳೆಯ ಸ್ಮರಣ ಸಂಚಿಕೆ, ಒಂದಷ್ಟು ಮದುವೆ ಪತ್ರಿಕೆ ತೆರೆದು ನೋಡಿದೆ. ಸಿ ಡ್ರೈವಿಗೆ ಬೇರೆಯಾಗಿ ಸಿಸ್ಟಮ್ ಇಮೇಜ್ ತೆಗೆದೆ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ವಿಂಡೋಸ್ 7ರ ಹೆಸರಿನ ಬ್ಯಾಕಪ್ ಇನ್ನೂ ಇದೆ, ಅದು ಸಾಕು. ಒಂದು ಮಾತು ನೆನಪಿರಲಿ: ಲೆಗಸಿಯಲ್ಲಿ ತೆಗೆದ ಇಮೇಜನ್ನು ಯುಇಎಫ್‌ಐ ಮೋಡ್‌ನಲ್ಲಿ ಬೂಟ್ ಮಾಡಿ ವಾಪಸ್ ಹಾಕಲು ಹೋದರೆ, ಫರ್ಮ್‌ವೇರ್ (ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಬೇರೆ ಅಂತ ವಿಂಡೋಸ್ ನಿರಾಕರಿಸುತ್ತದೆ. ವಾಪಸ್ ಹಾಕುವ ಪ್ರಸಂಗ ಬಂದರೆ ಬೋರ್ಡನ್ನು ಮತ್ತೆ ಲೆಗಸಿಗೆ ತಂದೇ ಹಾಕಬೇಕು. ಎಂಬಿಆರ್‌2ಜಿಪಿಟಿಗೆ ಹಿಂದಿನ ದಾರಿಯೂ ಇಲ್ಲ. ಜಿಪಿಟಿಯಿಂದ ಎಂಬಿಆರ್‌ಗೆ ಬರುವ ಆಯ್ಕೆಯನ್ನು ಅದು ಕೊಡುವುದಿಲ್ಲ. ಹಾಗಾಗಿ ಬ್ಯಾಕಪ್ ಇಲ್ಲದೆ ಈ ಕೆಲಸಕ್ಕೆ ಕೂರಲೇಬೇಡಿ.

ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿಕೊಂಡಿರುವವರು ಮೊದಲು ಅದನ್ನು ಸಸ್ಪೆಂಡ್ ಮಾಡಬೇಕು, ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ನನ್ನಲ್ಲಿ ಅದು ಇರಲಿಲ್ಲ. ಯುಪಿಎಸ್ ಮಾತ್ರ ಬೇಕೇ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟನ್ನು ನಂಬಿಕೊಂಡು ಡಿಸ್ಕಿನ ಪಟ್ಟಿ ಬದಲಿಸುವ ಕೆಲಸ ಬೇಡ.

ಇಷ್ಟಾದ ಮೇಲೆ ಮತ್ತೆ ವ್ಯಾಲಿಡೇಟ್ ಕೊಟ್ಟರೆ ಈ ಸಲ ಒಪ್ಪಿಕೊಂಡಿತು. ಡಿಸ್ಕಿನ ಲೇಔಟ್ ಓದಿದೆ, ಸೆಕ್ಟರ್ ಅಳತೆ 512 ಬೈಟ್, ಪರೀಕ್ಷೆ ಮುಗಿದಿದೆ. ಆಮೇಲೆ ವ್ಯಾಲಿಡೇಟ್ ಜಾಗದಲ್ಲಿ ಕನ್ವರ್ಟ್ ಅಂತ ಹಾಕಿ ಎಂಟರ್ ಒತ್ತಿದೆ. ಕಪ್ಪು ಪರದೆಯ ಮೇಲೆ ಸಾಲುಗಳು ಒಂದರ ಕೆಳಗೊಂದು ಬಂದವು. ವಿಂಡೋಸ್ ಪಾರ್ಟಿಷನ್ನನ್ನು ಸ್ವಲ್ಪ ಕುಗ್ಗಿಸಿತು, ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಮಾಡಿತು, ಹೊಸ ಬೂಟ್ ಫೈಲುಗಳನ್ನು ಅದರಲ್ಲಿ ಇಟ್ಟಿತು, ಲೇಔಟ್ ಬದಲಿಸಿತು, ಹಳೆಯ ಬೂಟ್ ವಿವರವನ್ನು ಹೊಸದಕ್ಕೆ ಒಯ್ದಿತು, ಡ್ರೈವ್ ಅಕ್ಷರಗಳನ್ನು ಸರಿಮಾಡಿತು. ಕೆಲಸ ಮುಗಿಯಿತು ಅಂತ ಹೇಳಿ, ಕೊನೆಗೆ ಫರ್ಮ್‌ವೇರನ್ನು ಯುಇಎಫ್‌ಐ ಮೋಡ್‌ಗೆ ಬದಲಿಸಿಯೇ ಬೂಟ್ ಮಾಡಿ ಅಂತ ಎಚ್ಚರಿಕೆ ಕೊಟ್ಟಿತು. ಹಿಡಿದ ಹೊತ್ತು ತೀರಾ ಕಡಿಮೆ. ಇ ಡ್ರೈವ್ ನಕಲು ಮಾಡಲು ಹಿಡಿದಿದ್ದಕ್ಕೆ ಹೋಲಿಸಿದರೆ ಲೆಕ್ಕಕ್ಕೇ ಇಲ್ಲ.

ಆ ಕೊನೆಯ ಎಚ್ಚರಿಕೆಯನ್ನು ಓದದೆ ರೀಸ್ಟಾರ್ಟ್ ಮಾಡಿದವರು "ಬೂಟೇ ಆಗ್ತಿಲ್ಲ, ಎಲ್ಲಾ ಹೋಯ್ತು" ಅಂತ ಕಂಗಾಲಾಗುತ್ತಾರೆ. ಏನೂ ಹೋಗಿರುವುದಿಲ್ಲ. ಡಿಸ್ಕು ಹೊಸ ಪದ್ಧತಿಗೆ ಬಂದಿದೆ, ಬೋರ್ಡು ಇನ್ನೂ ಹಳೆಯದರಲ್ಲೇ ಇದೆ, ಅಷ್ಟೇ. ಯಂತ್ರ ಆನ್ ಆಗುವಾಗ ಡೆಲ್ ಅಥವಾ ಎಫ್2 ಒತ್ತಿ ಸೆಟಪ್‌ಗೆ ಹೋಗಿ ಸಿಎಸ್‌ಎಂ ಆಫ್ ಮಾಡಬೇಕು. ಕೆಲವು ಬೋರ್ಡುಗಳಲ್ಲಿ "ಬೂಟ್ ಮೋಡ್" ಅಂತಿರುತ್ತದೆ, ಅಲ್ಲಿ ಲೆಗಸಿ ತೆಗೆದು ಯುಇಎಫ್‌ಐ ಆರಿಸಬೇಕು. ಬೂಟ್ ಪಟ್ಟಿಯಲ್ಲಿ ಹಾರ್ಡ್ ಡಿಸ್ಕಿನ ಹೆಸರಿನ ಬದಲು "ವಿಂಡೋಸ್ ಬೂಟ್ ಮ್ಯಾನೇಜರ್" ಅಂತ ಕಂಡರೆ ಸರಿಯಾಗಿದೆ ಅಂತ ಅರ್ಥ. ನಂಬಿಕಸ್ಥ ಬೂಟ್ ಫೈಲುಗಳನ್ನು ಮಾತ್ರ ಓಡಲು ಬಿಡುವ ಸೆಕ್ಯೂರ್ ಬೂಟನ್ನು ಅದೇ ಸಲಕ್ಕೆ ಆನ್ ಮಾಡಬೇಡಿ. ಮೊದಲು ಯುಇಎಫ್‌ಐನಲ್ಲಿ ವಿಂಡೋಸ್ ಒಮ್ಮೆ ಏಳಲಿ, ಆಮೇಲೆ ಮತ್ತೆ ಸೆಟಪ್‌ಗೆ ಹೋಗಿ ಆನ್ ಮಾಡಿ. ಏನಾದರೂ ಕೆಟ್ಟರೆ ಯಾವುದರಿಂದ ಅಂತ ಆಗ ತಿಳಿಯುತ್ತದೆ.

ಹಳೆಯ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡಿರುವವರಿಗೆ ಒಂದು ಮಾತು. ಸಿಎಸ್‌ಎಂ ಆಫ್ ಆದಾಗ ಚಿತ್ರ ತೋರಿಸಲು ಕಾರ್ಡಿನಲ್ಲಿ ಜಿಒಪಿ ಅನ್ನುವ ಬೆಂಬಲ ಇರಬೇಕು. ತೀರಾ ಹಳೆಯ ಕಾರ್ಡುಗಳಲ್ಲಿ ಇರುವುದಿಲ್ಲ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ಅಂಥ ಕಾರ್ಡಿದ್ದರೆ ಡಿಸ್ಕಿಗೆ ಕೈ ಹಾಕುವ ಮೊದಲೇ ಅದನ್ನು ತೆಗೆದು ಬೋರ್ಡಿನ ಒಳಗಿನ ಗ್ರಾಫಿಕ್ಸ್‌ಗೆ ಮಾನಿಟರ್ ಹಾಕಿ, ಸೆಟಪ್ ಪರದೆ ಬರುತ್ತದೆಯೇ ನೋಡಿಕೊಳ್ಳಿ.

ವಿಂಡೋಸ್ ಎದ್ದ ಮೇಲೆ ನಾನು ಮೊದಲು ನೋಡಿದ್ದು ಪೇಜ್‌ಮೇಕರ್. ಹೆಚ್ಚಿನ ಜನ ಡೆಸ್ಕ್‌ಟಾಪ್ ನೋಡಿ ಸಮಾಧಾನ ಪಡುತ್ತಾರೆ. ನನಗೆ ಲಿಂಕುಗಳ ಚಿಂತೆ. ಪೇಜ್‌ಮೇಕರಿನಲ್ಲಿ ಕೂರಿಸಿದ ಫೋಟೋಗಳಿಗೆ ಅವು ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿವೆ ಅನ್ನುವ ವಿಳಾಸ ಪೂರ್ತಿ ಬರೆದಿರುತ್ತದೆ. ಡಿ ಇದ್ದುದು ಎಫ್ ಆಗಿಬಿಟ್ಟರೆ ಒಂದೊಂದು ಸಂಚಿಕೆಯ ನೂರಾರು ಫೋಟೋ ಮತ್ತೆ ಹುಡುಕಿ ಜೋಡಿಸಬೇಕು. ಡಿ ಡ್ರೈವ್ ಡಿ ಆಗಿಯೇ ಇತ್ತು. ಸಿ ಡ್ರೈವಿನ ಫಾಂಟುಗಳೆಲ್ಲ ಇದ್ದಲ್ಲೇ ಇದ್ದವು, "ನುಡಿ 01 ಇ"ನಲ್ಲಿ ಮಾಡಿದ ಹಳೆಯ ಪತ್ರಿಕೆ ಒತ್ತಕ್ಷರ, ಅರ್ಕಾವತ್ತು ಸಮೇತ ಸರಿಯಾಗಿ ತೆರೆಯಿತು. ಪ್ರಿಂಟ್ ಕೊಟ್ಟೆ, ಮಾರ್ಜಿನ್ ಅಲುಗಿರಲಿಲ್ಲ. ಖಾಲಿ ಮಾಡಿದ್ದ ಜಾಗದಲ್ಲಿ ಹೊಸ ವಾಲ್ಯೂಮ್ ಮಾಡುವಾಗ ಅಕ್ಷರ ಇ ಅಂತಲೇ ಆರಿಸಿದೆ, ಫೋಲ್ಡರುಗಳನ್ನು ಅದೇ ಹೆಸರಲ್ಲಿ ವಾಪಸ್ ಹಾಕಿದೆ. ಅದರ ಲಿಂಕುಗಳೂ ಕೂತವು. ಈಗ ಡಿಸ್ಕು ಜಿಪಿಟಿ ಆಗಿರುವುದರಿಂದ ಆ ಹಸಿರು ಚೌಕಟ್ಟಿನ ಕಾಟವೂ ಇಲ್ಲ.

ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಈಗ 100 ಎಂಬಿಯ ಇಎಫ್‌ಐ ಪಾರ್ಟಿಷನ್ ಒಂದು ಹೊಸದಾಗಿ ಕಾಣುತ್ತದೆ. ಅದು ಸಿ ಡ್ರೈವಿನಿಂದ ತೆಗೆದ ಜಾಗ. ಹಳೆಯ ಸಿಸ್ಟಮ್ ರಿಸರ್ವ್ಡ್ ಹಾಗೇ ಉಳಿದಿದೆ. ಓಡುತ್ತಿರುವ ವಿಂಡೋಸ್‌ನಿಂದ ಕನ್ವರ್ಟ್ ಮಾಡಿದರೆ ಅದು ಬಳಕೆಯಲ್ಲಿ ಇರುವುದರಿಂದ ಸಾಧನ ಅದನ್ನು ಇಎಫ್‌ಐಗೆ ಬಳಸಿಕೊಳ್ಳುವುದಿಲ್ಲ. ಪಿಇಯಿಂದ ಮಾಡಿದರೆ, ಅಳತೆ ಸರಿಯಿದ್ದರೆ, ಬಳಸಿಕೊಳ್ಳುತ್ತದೆ. ಇದ್ದರೆ ತೊಂದರೆ ಏನಿಲ್ಲ, ನಾನು ಮುಟ್ಟಲು ಹೋಗಿಲ್ಲ. ರಿಕವರಿಯನ್ನು ಮಾತ್ರ ಒಮ್ಮೆ ನೋಡಿಕೊಳ್ಳಿ. ಕೆಲವು ಯಂತ್ರಗಳಲ್ಲಿ ಕೊನೆಗೆ ರೀಏಜೆಂಟ್, ಅಂದರೆ ರಿಕವರಿಯ ಹೊಂದಿಕೆ, ಬಗ್ಗೆ ಒಂದು ಸಾಲು ಬರುತ್ತದೆ. ಆಗ ಕಮಾಂಡ್ ಪ್ರಾಂಪ್ಟಿನಲ್ಲಿ ರೀಏಜೆಂಟ್‌ಸಿ ಅನ್ನುವುದಕ್ಕೆ ಒಮ್ಮೆ ಡಿಸೇಬಲ್, ಒಮ್ಮೆ ಎನೇಬಲ್ ಕೊಟ್ಟರೆ ಸರಿಹೋಗುತ್ತದೆ.

ದುಡ್ಡು ಕೊಟ್ಟು ತಗೊಳ್ಳುವ ಪಾರ್ಟಿಷನ್ ಸಾಫ್ಟ್‌ವೇರುಗಳೂ ಈ ಕೆಲಸ ಮಾಡುತ್ತವೆ. ಅವುಗಳಲ್ಲಿ ಚಿತ್ರ ನೋಡಿ ಕ್ಲಿಕ್ ಮಾಡಬಹುದು, ಲಾಜಿಕಲ್ಲನ್ನು ಪ್ರೈಮರಿ ಮಾಡುವ ಸೌಲಭ್ಯವೂ ಕೆಲವುಗಳಲ್ಲಿ ಇದೆ. ಬಾಹ್ಯ ಡಿಸ್ಕ್ ಇಲ್ಲದವರಿಗೆ ಅದು ಆಕರ್ಷಕ ಅನ್ನಿಸಬಹುದು. ಆದರೆ ಬ್ಯಾಕಪ್ ಇಡಲು ಜಾಗವೇ ಇಲ್ಲ ಅಂದರೆ ಆ ದುಡ್ಡಿಗೆ ಮೊದಲು ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಗೊಳ್ಳಿ ಅಂತಲೇ ನಾನು ಹೇಳುವುದು. ಅದು ನಾಳೆಯೂ ಬೇಕಾಗುತ್ತದೆ. ಇನ್ನು, ಕ್ರ್ಯಾಕ್ ಮಾಡಿದ ಪಾರ್ಟಿಷನ್ ಸಾಫ್ಟ್‌ವೇರನ್ನು ಗಿರಾಕಿಗಳ ಫೈಲಿರುವ ಡಿಸ್ಕಿನ ಮೇಲೆ ಓಡಿಸುವುದನ್ನು ಯೋಚಿಸಲೂ ಬೇಡಿ.

ಯಾರಿಗೆ ಇದು ಬೇಡ? ವಿಂಡೋಸ್ ಇಲ್ಲದ, ಬರೀ ಡೇಟಾ ಇರುವ ಎರಡನೇ ಡಿಸ್ಕಿಗೆ ಇದು ಕೆಲಸ ಮಾಡುವುದಿಲ್ಲ. ಇದು ಸಿಸ್ಟಮ್ ಡಿಸ್ಕಿಗೆ ಮಾತ್ರ. ವಿಂಡೋಸ್ 7, 8 ಇರುವ ಯಂತ್ರಕ್ಕೆ ಅಧಿಕೃತ ಬೆಂಬಲ ಇಲ್ಲ. ಯುಇಎಫ್‌ಐ ಇಲ್ಲವೇ ಇಲ್ಲದ ಹಳೆಯ ಬೋರ್ಡಿನಲ್ಲಿ ಕನ್ವರ್ಟ್ ಮಾಡಿದರೆ ಆಮೇಲೆ ಬೂಟ್ ಮಾಡುವ ದಾರಿಯೇ ಇರುವುದಿಲ್ಲ. ಹಾಗಾಗಿ ಮೊದಲು ಬೋರ್ಡಿನ ಸೆಟಪ್ ಒಳಗೆ ಹೋಗಿ ಆ ಆಯ್ಕೆ ಇದೆಯೇ ಅಂತ ಕಣ್ಣಾರೆ ನೋಡಿ. 32 ಬಿಟ್ ವಿಂಡೋಸ್ ಇಟ್ಟುಕೊಂಡಿರುವವರೂ ಬೇಡ. 64 ಬಿಟ್ ಯುಇಎಫ್‌ಐನಲ್ಲಿ 32 ಬಿಟ್ ವಿಂಡೋಸ್ ಬೂಟ್ ಆಗುವುದಿಲ್ಲ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಯಾವುದೋ ಹಳೆಯ ಪ್ರೋಗ್ರಾಂ ಓಡಲಿ ಅಂತ 32 ಬಿಟ್ ಉಳಿಸಿಕೊಂಡವರು ಇನ್ನೂ ಇದ್ದಾರೆ. ನನ್ನ ಅಂಗಡಿಯ ಇನ್ನೊಂದು ಯಂತ್ರವೂ ಹಾಗೆಯೇ. ಅದರ ಇಂಟರ್‌ನೆಟ್ ತಂತಿ ತೆಗೆದಿದ್ದೇನೆ. ಹಳೆಯ ಫೈಲು ತೆರೆಯಲು, ಪ್ರಿಂಟ್ ತೆಗೆಯಲು ಮಾತ್ರ ಬಳಸುತ್ತೇನೆ. ಅದು ಲೆಗಸಿಯಲ್ಲೇ ಇರಲಿ.

ಮುಖ್ಯ ಯಂತ್ರಕ್ಕೆ ಸೆಕ್ಯೂರ್ ಬೂಟ್, ಪಿಟಿಟಿ ಎರಡೂ ಆನ್ ಮಾಡಿ ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಕೊಟ್ಟೆ. ಫೈಲು, ಪ್ರೋಗ್ರಾಂ ಎರಡನ್ನೂ ಉಳಿಸಿಕೊಳ್ಳುವ ಆಯ್ಕೆಯಲ್ಲೇ ಮುಗಿಯಿತು, ಆಕ್ಟಿವೇಷನ್ ಕೂಡ ಹಾಗೇ ಉಳಿಯಿತು. ಎಕ್ಸ್‌ಟರ್ನಲ್ ಡಿಸ್ಕಿನಲ್ಲಿರುವ ಇ ಡ್ರೈವಿನ ಪ್ರತಿಯನ್ನು ಇನ್ನೂ ಅಳಿಸಿಲ್ಲ. ಈ ವರ್ಷದ ಮದುವೆ ಸೀಸನ್ ಮುಗಿಯುವ ತನಕ ಅಳಿಸುವುದೂ ಇಲ್ಲ.